ಎಂಬತ್ತೆರಡು ಪರ್ಸೆಂಟ್

ರಾಸಾಯನಿಕ ಕ್ರಿಯೆಯ ಇಳುವರಿ ಈ ಸಲವೂ ನಲವತ್ತೊಂದೇ ಪರ್ಸೆಂಟ್ ಬಂತು. ವಸುಧಾ ಮನಸ್ಸು ಕಲ್ಲು ಮಾಡಿಕೊಂಡು ನೋಟ್‌ಬುಕ್ಕಿನಲ್ಲಿ ಎಂಬತ್ತೆರಡು ಎಂದು ಬರೆದುಬಿಟ್ಟಳು. ಪ್ರೊಫೆಸರ್ ಕೆಸ್ಲರ್‌ಗೆ ಜರ್ಮನಿಯಲ್ಲಿ ಹೆಸರು ತಂದುಕೊಟ್ಟು, ಅವರನ್ನು ಜಪಾನಿನ ಸೆಂಡಾಯ್‌ನ ಈ ಲ್ಯಾಬಿನವರೆಗೂ ಕರೆತಂದ ಪ್ರಯೋಗ ಅದು. ಅವರ ಪ್ರಬಂಧದಲ್ಲಿದ್ದದ್ದು ಎಂಬತ್ತೆರಡು. ಎರಡು ವರ್ಷದಿಂದ ಅದನ್ನೇ ಮಾಡಿ ಮಾಡಿ ಅವಳು ಹೈರಾಣಾಗಿದ್ದಳು.

ತಲೆಯೆತ್ತಿದರೆ ಪ್ರೊಫೆಸರ್ ಪಕ್ಕದಲ್ಲೇ ನಿಂತಿದ್ದರು. ನಾಳೆ ಅವರ ನಿವೃತ್ತಿ. ಬೆಳಗಿನಿಂದ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು.

“ಸಾರಿ ಸೆನ್ಸೇ, ನಾನು...” ಎನ್ನುತ್ತ ಅವಳು ಗುರುಗಳ ಕಣ್ಣೆದುರೇ ನೋಟ್‌ಬುಕ್ ಮುಚ್ಚಹೋದಳು.

ಅವರು ಗದರಲಿಲ್ಲ. ಪೆಟ್ಟಿಗೆಯ ತಳದಿಂದ ಮೂವತ್ತೇಳು ವರ್ಷ ಹಳೆಯ, ೧೯೬೩ರ ತಮ್ಮ ನೋಟ್‌ಬುಕ್ ತೆಗೆದು ಅವಳ ಮುಂದೆ ಬಿಡಿಸಿಟ್ಟರು. ಪುಟದ ತುಂಬ ನಲವತ್ತು, ನಲವತ್ತೊಂದು, ಮತ್ತೆ ನಲವತ್ತು. ಕೊನೆಯ ಸಾಲಿನಲ್ಲಿ ಮಾತ್ರ, ಬೇರೆ ಶಾಯಿಯಲ್ಲಿ, ಎಂಬತ್ತೆರಡು.

“ವಸುಧಾ ಸಾನ್, ಅವತ್ತು ನನಗೂ ಹೀಗೇ ಸುಸ್ತಾಗಿತ್ತು,” ಎಂದರು.