ಊಟಕ್ಕಿಳಿದ ಹಕ್ಕಿಗಳು

ಭೂಮಿಯ ದಕ್ಷಿಣದ ತುದಿಗೆ ಹತ್ತಿರದ ಚಿಲೋಯೆ ದ್ವೀಪದ ಕೆಸರುದಂಡೆಯಲ್ಲಿ ಎಲಿಸಿಯೊ ತಾತ ನಾಯಿಯ ಕುತ್ತಿಗೆ ಬಿಟ್ಟು, ಹಕ್ಕಿಹಿಂಡಿನ ಮೇಲೆ ಛೂ ಎನ್ನಬೇಕು, ಅಷ್ಟರಲ್ಲಿ ಮೊಮ್ಮಗಳು ರಯೆನ್ ಶಾಲೆಯ ಕಥೆಪುಸ್ತಕವನ್ನು ಅವನ ಮೂಗಿಗೇ ಹಿಡಿದಳು.

"ಇಲ್ನೋಡು ತಾತ, ಇವು ಉತ್ತರದ ತುದೀಲಿರೋ ಅಲಾಸ್ಕದಿಂದ ಬಂದಿರೋವು. ಸಮುದ್ರದ ಮೇಲೆ ಎಷ್ಟೋ ದಿನ ಏನೂ ತಿನ್ದೆ ಹಾರ್ತವಂತೆ."

"ಹೋಗೇ! ತಿಮಿಂಗಿಲದ ಬೆನ್ನ ಮೇಲೆ ಆಲೂಗಡ್ಡೆ ಬೇಯಿಸ್ಕೊಂಡು ತಿಂದ ನಾನೇ ಇಷ್ಟು ದೊಡ್ಡ ಸುಳ್ಳು ಹೇಳಿಲ್ಲ."

"ನಿಜ ತಾತ. ಈ ಕೆಸರಲ್ಲಿರೋ ಹುಳಾನೇ ಅವಕ್ಕೆ ಊಟ. ನೀನು ದಿನಾ ಓಡಿಸಿದ್ರೆ ವಾಪಸ್ ಹೋಗೋಕೆ ಶಕ್ತಿ ಎಲ್ಲಿಂದ ಬರುತ್ತೆ?"

ಮನೆಗೆ ಬಂದವರಿಗೆ ಊಟ ಹಾಕುವ ಮೊದಲು ಹೆಸರನ್ನೂ ಕೇಳದ ವಂಶ ತಾತನದು. ಸೊಂಟದ ಬೆಲ್ಟು ಬಿಚ್ಚಿ ನಾಯಿಯ ಕೊರಳಿಗೆ ಬಿಗಿದು, ಅದರ ತುದಿಯನ್ನು ಒಂದು ಕೈಗೆ ಸುತ್ತಿಕೊಂಡ. ಜಾರುತ್ತಿದ್ದ ಪ್ಯಾಂಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಪಿಸುಗುಟ್ಟಿದ:

"ಮೆಲ್ಲಗೆ ಮಾತಾಡೇ, ಊಟಕ್ಕೆ ಕೂತಿದ್ದಾರೆ."