ಮಕ್ಕಳೆಷ್ಟು?

ಮರೆವು ಹೆಚ್ಚಾಯಿತೆಂದು ನೀಲಮ್ಮ ತಮ್ಮ ಗಂಡ, ನಿವೃತ್ತ ಬಸ್ ಡ್ರೈವರ್ ವಿರೂಪಾಕ್ಷಪ್ಪನವರನ್ನು ಆಸ್ಪತ್ರೆಗೆ ಕರೆತಂದಿದ್ದರು. ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದರು.

"ಬಿಪಿ, ಶುಗರ್, ಬೀಡಿ. ಮೂರೂ ಸೇರಿ ಮೆದುಳಿನ ಸಣ್ಣ ರಕ್ತನಾಳಗಳನ್ನ ಕಿರಿದು ಮಾಡಿವೆಯಮ್ಮ. ಒಳಗೆ ರಕ್ತ ಸಾಲ್ತಿಲ್ಲ," ಎಂದು ಹೇಳಿ ರೋಗಿಯತ್ತ ತಿರುಗಿದರು. "ಮಕ್ಕಳೆಷ್ಟು ಯಜಮಾನ್ರೇ?"

"ಮೂರು."

"ಎರಡೇ ಸಾರ್. ಇಬ್ರೂ ಹೆಣ್ಣುಮಕ್ಕಳು," ಎಂದು ನೀಲಮ್ಮ ಕಣ್ಣೊರೆಸಿಕೊಂಡರು.

"ಬೇಜಾರು ಮಾಡ್ಕೋಬೇಡಿ. ಈ ಕಾಯಿಲೇಲಿ ಹಿಂಗೆ ಲೆಕ್ಕ ತಪ್ಪುತ್ತೆ. ಮಾತ್ರೆ ಬಿಡದೆ ಕೊಡಿ, ಬೀಡಿ ಬಿಡಿಸಿ."

ನೀಲಮ್ಮ ಮಗುವನ್ನು ರಮಿಸುವಂತೆ ಗಂಡನ ಕೈ ಹಿಡಿದು ಕೇಳಿದರು: "ಮೂರನೇದು ಎಲ್ಲೈತ್ರೀ?"

"ಹುಬ್ಬಳ್ಳೀಲಿ, ಅವನ ತಾಯಿ ಹತ್ರ," ಎಂದರು ವಿರೂಪಾಕ್ಷಪ್ಪ.