ನಾಲ್ಕು ಮೈಲಿ

ಇಂದೂ ನಾಲ್ಕು ಮೈಲಿ ಹೆಚ್ಚು.

ವಿಜಯನ್ ಕಾರಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿದ. ಬೆಳಗ್ಗೆ ನೋಡಿಟ್ಟುಕೊಂಡಿದ್ದ ಮೀಟರು ಸಂಜೆಗೆ ಇಪ್ಪತ್ತೆರಡು ಮೈಲಿ ಮುಂದೆ ಹೋಗಿತ್ತು. ಮೀನಂಗಡಿಯಿಂದ ಕಲ್ಪೆಟ್ಟಕ್ಕೆ ಹೋಗಿ ಬರಲು ಹದಿನೆಂಟೇ ಎಂಬುದು ಊರಿಗೆಲ್ಲ ಗೊತ್ತು.

ಹೊಸ ಜಿಲ್ಲೆಯಾಗಿ ಎರಡು ವರ್ಷ. ಕಲ್ಪೆಟ್ಟದ ಕಚೇರಿಯಲ್ಲಿ ಹೆಂಡತಿ ಲೀಲಳಿಗೆ ಕೆಲಸ ಸಿಕ್ಕಾಗ ಎಲ್ಲರಿಗಿಂತ ಹಿಗ್ಗಿದವನು ಅವನೇ. ತೋಟದ ದೊರೆ ಬಿಟ್ಟುಹೋಗಿದ್ದ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ತನ್ನ ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸಿ, ಅವಳಿಗೆ ಓಡಿಸಲು ಕಲಿಸಿದ. ಏರು ಬಂದರೆ ಕಾರು ಏದುಸಿರು ಬಿಡುತ್ತಿತ್ತು. ಮಳೆಗಾಲಕ್ಕೆ ಮುಂಚೆ ಹಿಂದಿನ ಆಕ್ಸಲಿನ ಹಲ್ಲುಚಕ್ರಗಳನ್ನೇ ಬದಲಿಸಿದ. ಗಾಲಿ ಹತ್ತು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಬರುವ ದಂಡ ಮೊದಲು ಮೂವತ್ತೇಳು ಸುತ್ತು ತಿರುಗಬೇಕಿತ್ತು, ಈಗ ನಲವತ್ತೈದು. ಊರಿನ ಏರಿನಲ್ಲಿ ಒಮ್ಮೆ ಓಡಿಸಿ ನೋಡಿದ. ಆಡಿನಂತೆ ಹತ್ತಿತು. ಸಮತಟ್ಟಿನಲ್ಲಿ ಇಂಜಿನ್ ಅರಚದಿರಲಿ ಎಂದು ಓವರ್‌ಡ್ರೈವ್ ಗುಂಡಿ ಒತ್ತುವುದನ್ನೂ ಲೀಲಳಿಗೆ ಹೇಳಿಕೊಟ್ಟ.

ಪೆಟ್ರೋಲು ಹೆಚ್ಚು ಖರ್ಚಾದಾಗ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಹೊಸ ಹಲ್ಲುಗಳು ಹೊಂದಿಕೊಳ್ಳುವವರೆಗೆ ಘರ್ಷಣೆ ಒಂದಿಷ್ಟು ಶಕ್ತಿ ತಿನ್ನುತ್ತದೆ. ಆದರೆ ಘರ್ಷಣೆ ಮೈಲಿಗಳನ್ನು ಹೆರುವುದಿಲ್ಲವಲ್ಲ.

"ನೇರೆ ಬಂದ್ಯಾ?" ಎಂದು ಕೇಳಿದ.

"ನೇರೆ ತನ್ನೆ, ನೇರವಾಗೇ ಬಂದೆ," ಎಂದಳು ಲೀಲ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

ಹೋಗಲು ಎರಡು, ಬರಲು ಎರಡು. ಹೆದ್ದಾರಿಯಿಂದ ಸರಿಯಾಗಿ ಎರಡು ಮೈಲಿ ಒಳಗೆ ಪದ್ಮನಾಭನ್‌ನ ಮನೆ. ಅದೇ ಕಚೇರಿಯವನು, ಮದುವೆಯಾಗದವನು. ವಿಜಯನ್‌ಗೆ ಅನ್ನ ಸೇರದಾಯಿತು. ಒಂದು ತಿಂಗಳು ದಿನಾ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಇಪ್ಪತ್ತೆರಡು. ಕೊನೆಗೆ ಒಂದು ಬೆಳಗ್ಗೆ ಕೆಲಸ ಬೇಕೋ ಮನೆ ಬೇಕೋ ಎಂದುಬಿಟ್ಟ. ಕಾರಣ ಮಾತ್ರ ಹೇಳಲಿಲ್ಲ.

ಲೀಲ ಕೈಲಿದ್ದ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಕೂತು ರಾಜೀನಾಮೆ ಬರೆದಳು.

"ನೀವೇ ಕೊಟ್ಟು ಬನ್ನಿ. ಅದೊಂದು ನನ್ನಿಂದ ಆಗಲ್ಲ."

ಅವನೇ ಕಾರು ತೆಗೆದ. ಮನಸ್ಸು ಬದಲಾದೀತೆಂದು ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ. ಕಚೇರಿಯ ಹಿರಿಯ ಗುಮಾಸ್ತ ಕಾಗದವನ್ನು ಎರಡು ಸಲ ಓದಿದ. ಈ ಜಾಗಕ್ಕೆ ಇನ್ನೂರು ಜನ ಕಾಯುತ್ತಿದ್ದಾರೆ, ಒಮ್ಮೆ ಹೋದರೆ ಹೋಯಿತು ಎಂದ. ವಿಜಯನ್ ತಲೆಯಾಡಿಸಿದ. ಮುದ್ರೆ ಬಿತ್ತು. ಬರುವಾಗ ಚಹಾಕ್ಕೂ ಇಳಿಯಲಿಲ್ಲ. ಎಷ್ಟೋ ದಿನಗಳ ನಂತರ ಎದೆ ಹಗುರಾಗಿತ್ತು.

ಅಂಗಳದಲ್ಲಿ ಇಂಜಿನ್ ನಿಲ್ಲಿಸಿ, ಅಭ್ಯಾಸಬಲದಿಂದ ಮೀಟರು ನೋಡಿದ.

ಇಪ್ಪತ್ತೆರಡು.

ಕೀಲಿಯ ಮೇಲಿದ್ದ ಕೈ ಅಲ್ಲೇ ಉಳಿಯಿತು. ಮೀಟರಿನ ಕೇಬಲ್ ಎಣಿಸುವುದು ಗಾಲಿಯ ಸುತ್ತುಗಳನ್ನಲ್ಲ. ಅವನು ಮೂವತ್ತೇಳರಿಂದ ನಲವತ್ತೈದಕ್ಕೆ ಏರಿಸಿದ್ದ ಆ ದಂಡದ ಸುತ್ತುಗಳನ್ನು. ಹದಿನೆಂಟು ಮೈಲಿ ಓಡಿದರೂ ಅದಕ್ಕೆ ಇಪ್ಪತ್ತೆರಡು.

ಲೀಲ ಬಾಗಿಲಿಗೆ ಬಂದು ನಿಂತಳು. "ನೇರೆ ಬಂದ್ರಾ?" ಎಂದು ಕೇಳಿದಳು.